ಲಾಭ ಎಂದರೆ ಒಂದು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮಿಕ್ಸರ್ ಪ್ರಾಣ ಬಿಟ್ಟಿತು. ಚಟ್ನಿ ಅರ್ಧ ನುಣ್ಣಗಾಗಿತ್ತು, ಇನ್ನರ್ಧ ಕಾಯಿತುರಿಯಾಗಿಯೇ ಉಳಿದಿತ್ತು. ಒಮ್ಮೆ 'ಗುಂ' ಎಂದು ನರಳಿ, ಎಳೆ ಹೊಗೆ ಬಿಟ್ಟು ನಿಂತುಹೋಯಿತು. ಹೆಂಡತಿ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. ನಾನು ಪೇಪರು ಕೆಳಗಿಟ್ಟು ಒಳಗೆ ಹೋಗಿ, ಅಡುಗೆ ಕಟ್ಟೆಯ ಮುಂದೆ ನಿಂತು ಆ ವಾಸನೆಯನ್ನು ನಿಧಾನವಾಗಿ ಎಳೆದುಕೊಂಡೆ.

"ಎಂತದು ನಿಂಗ್ಳದ್ದು, ಊದಿನಕಡ್ಡಿ ಹಚ್ಚಿದಾಂಗೆ ಮೂಸ್ತಾ ನಿಂತಿದ್ದು?" ಎಂದಳು.

ಅವಳಿಗೆ ಹೇಗೆ ಹೇಳಲಿ? ತಾಮ್ರದ ತಂತಿಯ ಮೇಲಿನ ವಾರ್ನಿಶ್ ಸುಟ್ಟ ವಾಸನೆ ಅದು. ಬೇರೆಯವರಿಗೆ ಅದು ಖರ್ಚಿನ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಎದೆ ಉಬ್ಬುತ್ತದೆ. ಕಿವಿ ಬಿಸಿಯಾಗುವುದು ನನ್ನ ದೆಸೆಯಿಂದ. ಎದೆ ಉಬ್ಬುವುದು ನಾಗವೇಣಿಯ ದೆಸೆಯಿಂದ. ಎರಡನ್ನೂ ಹೇಳುತ್ತೇನೆ, ಆದರೆ ನೀವು ಸ್ವಲ್ಪ ತಾಳ್ಮೆಯಿಂದ ಕೂರಬೇಕು. ಮೇಷ್ಟರು ಮಾತಿಗೆ ಕೂತರೆ ಗಂಟೆ ಹೊಡೆಯುವ ತನಕ ಎದ್ದ ಉದಾಹರಣೆಯಿಲ್ಲ.

ನಾನು ಶಿರಸಿಯ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಿದ್ಯುತ್ತಿಗೂ ನನಗೂ ಇರುವ ಸಂಬಂಧವೆಂದರೆ, ಫ್ಯೂಸ್ ಹೋದಾಗ ಪಕ್ಕದ ಮನೆಯವರನ್ನು ಕರೆಯುವಷ್ಟು. ಇಂಥ ನನಗೆ ಕೆಲವು ವರ್ಷಗಳ ಹಿಂದೆ ಶಾಲೆಯ ವೃತ್ತಿ ಶಿಕ್ಷಣದ ಉಸ್ತುವಾರಿ ಬಂತು. ಮಕ್ಕಳು ಶನಿವಾರ ಮಧ್ಯಾಹ್ನ ಮತ್ತು ರಜೆಯ ದಿನಗಳಲ್ಲಿ ಪೇಟೆಯ ಯಾವುದಾದರೂ ಕೆಲಸದ ಜಾಗಕ್ಕೆ ಹೋಗಿ, ಅಲ್ಲಿಯವರ ಕೈಕೆಳಗೆ ಕೆಲಸ ಕಲಿಯಬೇಕು. ಕಲಿತದ್ದನ್ನು ಒಂದು ದಿನಚರಿ ಪುಸ್ತಕದಲ್ಲಿ ಬರೆದು ಕಲಿಸಿದವರ ಸಹಿ ಹಾಕಿಸಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳಲು ನನ್ನನ್ನೇ ಯಾಕೆ ಆರಿಸಿದರು ಎನ್ನುವಿರೋ? ಆ ಸಭೆಯ ದಿನ ನಾನು ರಜೆಯ ಮೇಲಿದ್ದೆ. ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇಷ್ಟು ಹೇಳಿದರೆ ಸಾಕು.

ಹಾಗೆ ಮಕ್ಕಳನ್ನು ಹಂಚುತ್ತ ಹೋದೆ. ಇಬ್ಬರನ್ನು ಟೇಲರ್ ಅಂಗಡಿಗೆ, ಒಬ್ಬನನ್ನು ಗ್ಯಾರೇಜಿಗೆ, ಒಬ್ಬನನ್ನು ಬೇಕರಿಗೆ. ಬೇಕರಿಗೆ ಹೋದವನು ಮೂರೇ ತಿಂಗಳಲ್ಲಿ ಯೂನಿಫಾರ್ಮು ಹಿಡಿಯದಷ್ಟು ಕಲಿತುಬಿಟ್ಟ. ಹುಡುಗಿಯರಿಗೆ ಹೊಲಿಗೆ, ಬ್ಯೂಟಿ ಪಾರ್ಲರ್ ಎಂದು ನಾನೇ ಪಟ್ಟಿ ಮಾಡಿಟ್ಟಿದ್ದೆ. ಆಗ ಹುಲೇಕಲ್ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ನಾಗವೇಣಿ ಎದ್ದು ನಿಂತಳು.

"ಸರ್, ನಾನು ಮೋಟಾರ್ ಸುತ್ತೂ ಅಂಗಡಿಗೆ ಹೋಗ್ತೆ."

"ಅಲ್ಲೆಂತ ಮಾಡ್ತೆ ನೀನು?"

"ಸುಟ್ಟಿದ್ದನ್ನ ಮತ್ತೆ ತಿರುಗೂ ಹಾಂಗೆ ಮಾಡ್ತ್ರಲಿ ಸರ್, ಅದು ಹೆಂಗೆ ಹೇಳಿ ನೋಡೂ ಆಸೆ."

ಇಲ್ಲಿ ಒಂದು ತಪ್ಪೊಪ್ಪಿಗೆ ಹೇಳಿಬಿಡುತ್ತೇನೆ. ನಾಗವೇಣಿ ಥ್ರೋಬಾಲಿನಲ್ಲಿ ತಾಲೂಕಿಗೆ ಹೆಸರಾದವಳು, ಗಣಿತದಲ್ಲಿ ಪಾಸಾಗಲು ಏದುಸಿರು ಬಿಡುವವಳು. ಒಮ್ಮೆ ಉತ್ತರ ಪತ್ರಿಕೆ ಹಂಚುವಾಗ "ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದಿದ್ದೆ. ಗಾದೆ ಅಷ್ಟು ಚೆನ್ನಾಗಿ ಕೂತಾಗ ಹೇಳದೆ ಇರುವ ಸಂಯಮ ನನಗಿಲ್ಲ. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಅವಳೂ ನಕ್ಕಳಲ್ಲ ಎಂದು ನಾನು ಆರಾಮಾಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಯಲ್ಲಾಪುರ ನಾಕೆಯ ಹತ್ತಿರ ವೀರಭದ್ರಪ್ಪ ಮೇಸ್ತ್ರಿಯ ಅಂಗಡಿ. ಬನವಾಸಿ ಕಡೆಯವರು, ದಪ್ಪ ಮೀಸೆ, ಅದಕ್ಕಿಂತ ದಪ್ಪ ಕನ್ನಡಕ. ಸುತ್ತಲಿನ ಮೂರು ತಾಲೂಕಿನ ಸುಟ್ಟ ಮೋಟಾರುಗಳು ಅದೇ ಸುಟ್ಟ ವಾರ್ನಿಶ್ ವಾಸನೆ ಬೀರುತ್ತ ಅವರ ಬಾಗಿಲಲ್ಲಿ ಸಾಲಾಗಿ ಕೂತಿರುತ್ತಿದ್ದವು. ನಾನು ಕರೆದೊಯ್ದ ನಾಗವೇಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಕಡೆ ತಿರುಗಿದರು.

"ನೋಡ್ರಿ ಸರ್, ನೀವು ಹೇಳ್ತೀರಿ ಅಂತ ಇಟ್ಕೋತೀನಿ. ಆದ್ರ ತಾಮ್ರ ಕೆಡಿಸಿದ್ಲಂದ್ರ ಮರುದಿನ ಸಾಲಿಗೇ ವಾಪಸ್. ಮುಂದ ನಿಮ್ಮ ಸಾಲಿಯಿಂದ ಯಾರನ್ನೂ ಕಳಿಸಬ್ಯಾಡ್ರಿ."

"ಆಗಲಿ" ಎಂದೆ. ಬೇರೆಯವರ ಕೈಕೆಲಸಕ್ಕೆ ಜಾಮೀನು ನಿಲ್ಲುವುದು ಸುಲಭ ಎಂದು ಆಗ ತಿಳಿದಿದ್ದೆ.

ಮೋಟಾರ್ ಸುತ್ತುವುದೆಂದರೆ ಏನೆಂದು ನಿಮಗೆ ನಾಲ್ಕೇ ಮಾತಿನಲ್ಲಿ ಹೇಳುತ್ತೇನೆ, ನನಗೆ ಗೊತ್ತಿರುವುದೂ ಅಷ್ಟೇ. ಸುಟ್ಟ ತಂತಿಯನ್ನು ಕಿತ್ತು, ಮರದ ಅಚ್ಚಿಗೆ ಹೊಸ ತಾಮ್ರದ ತಂತಿಯನ್ನು ಹಿಡಿಕೆ ತಿರುಗಿಸಿ ಸುತ್ತಬೇಕು. ಇಂತಿಷ್ಟೇ ಸುತ್ತು ಎಂದು ಲೆಕ್ಕವಿರುತ್ತದೆ. ಹಾಗೆ ಮಾಡಿದ ಸುರುಳಿಗಳನ್ನು ಮೋಟಾರಿನೊಳಗೆ ಮೂರು ಗುಂಪುಗಳಾಗಿ ಕೂರಿಸಬೇಕು. ಮೂರು ಗುಂಪೂ ಸಮನಾಗಿದ್ದರೆ ಮೋಟಾರು ಹಾಡುತ್ತದೆ, ಇಲ್ಲದಿದ್ದರೆ ಬೈಯುತ್ತದೆ. ಮೊದಲ ಎರಡು ತಿಂಗಳು ಮೇಸ್ತ್ರಿ ನಾಗವೇಣಿಗೆ ಹಳೆಯ ತಂತಿ ಕೀಳುವುದನ್ನು, ಸುರುಳಿಗಳ ಕೆಳಗೆ ಹಾಸುವ ಕಾಗದ ಕತ್ತರಿಸುವುದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಆದರೆ ಅವರು ಸುತ್ತುವಾಗ ಅವಳ ಕಣ್ಣು ಅವರ ಮಣಿಕಟ್ಟಿನ ಮೇಲೆಯೇ ಇರುತ್ತಿತ್ತಂತೆ.

ದಸರಾ ರಜೆಯ ಒಂದು ದಿನ ಕಿರವತ್ತಿಯ ಹಿಟ್ಟಿನ ಗಿರಣಿಯ ದೊಡ್ಡ ಮೋಟಾರು ಬಂತು. ಎರಡು ಗುಂಪಿನ ಸುರುಳಿಗಳನ್ನು ಮೇಸ್ತ್ರಿ ಸುತ್ತಿ, ಮೂರನೆಯ ಗುಂಪಿನ ಆರು ಸುರುಳಿಗಳನ್ನು ನಾಗವೇಣಿಗೆ ಬಿಟ್ಟರು. ಒಂದೊಂದಕ್ಕೆ ಇಪ್ಪತ್ತೆರಡು ಸುತ್ತು. ಅವಳು ತಾನೇ ಕೈಯಾರೆ ಮಾಡುವ ಮೊದಲ ಕೆಲಸ. ಸರಿಯಾಗಿ ಅದೇ ದಿನ ನಾನು ತಪಾಸಣೆಗೆ ಹೋದೆ. ಫೋಟೋ ತೆಗೆದೆ. ಇನ್ನೊಂದು ತೆಗೆದೆ. ಮೇಸ್ತ್ರಿ ಚಹಾಕ್ಕೆಂದು ಹೊರಗೆ ಹೋದರು. ಸುಮ್ಮನೆ ನಿಂತರೆ ಮೇಷ್ಟರ ಮರ್ಯಾದೆ ಏನಾಗಬೇಕು?

"ನೀ ತಿರುಗ್ಸು, ಆನು ಎಣಿಸ್ತೆ" ಎಂದೆ.

ಅವಳು ಹಿಡಿಕೆ ಹಿಡಿದು ಮೊದಲ ಸುತ್ತು ತಿರುಗಿಸುತ್ತ ಬಾಯೊಳಗೇ "ಲಾಭ" ಎಂದಳು. ಒಳ್ಳೆಯ ಕೆಲಸಕ್ಕೆ ಮೊದಲು ದೇವರ ಹೆಸರು ಹೇಳುವಂತೆ ಏನೋ ಹೇಳಿಕೊಂಡಳು ಎಂದುಕೊಂಡೆ. ಎರಡನೆಯ ಸುತ್ತಿಗೆ ನಾನು ತರಗತಿಯ ದನಿಯಲ್ಲಿ "ಒಂದು" ಎಂದೆ. ಅವಳ ಕೈ ಅರೆಗಳಿಗೆ ತಡೆಯಿತು. ಆಮೇಲೆ ತಿರುಗಿತು. ನಾನು ಇಪ್ಪತ್ತೆರಡು ಎಂದಾಗ ನಿಂತಿತು. ಆರು ಸುರುಳಿಯೂ ಹಾಗೆಯೇ ಆದವು. ತಪಾಸಣೆಯ ಹಾಳೆಗೆ ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳುವುದನ್ನೇ ಮರೆತು, ದೊಡ್ಡ ಉಪಕಾರ ಮಾಡಿದವನಂತೆ ಮನೆಗೆ ಬಂದೆ.

ಸಹಿಗೆಂದು ಮರುದಿನ ಬೆಳಿಗ್ಗೆ ಹೋದಾಗ ಸುರುಳಿಗಳೆಲ್ಲ ಮೋಟಾರಿನೊಳಗೆ ಕೂತಿದ್ದವು. ವಾರ್ನಿಶ್ ಹಾಕುವ ಮೊದಲು ಒಮ್ಮೆ ಕರೆಂಟು ಕೊಟ್ಟು ನೋಡುವುದು ಮೇಸ್ತ್ರಿಯ ಪದ್ಧತಿ. ಗಿರಣಿಯವನು ಗೂಡ್ಸ್ ಆಟೋ ತಂದು ಬಾಗಿಲಲ್ಲೇ ನಿಂತಿದ್ದ. ಸ್ವಿಚ್ ಒತ್ತಿದರು. ಮೋಟಾರು ಬೈಯಿತು. ಮೇಸ್ತ್ರಿ ಮೂರು ತಂತಿಗೂ ಮೀಟರ್ ಹಿಡಿದರು. ಎರಡು ಸಮ, ಮೂರನೆಯದು ಬೇರೆ.

"ಇದು ಯಾರ ಗುಂಪು?"

"ನಂದು" ಎಂದಳು ನಾಗವೇಣಿ.

"ಎಣಿಸಿದ್ದು?"

ಅವಳು ನನ್ನ ಕಡೆ ನೋಡಲಿಲ್ಲ. "ಹ್ಯಾಂಡಲ್ ನನ್ನ ಕೈಲಿತ್ತು" ಎಂದಳು.

ನಾನೇನು ಮಾಡಿದೆ ಎಂದು ಕೇಳುತ್ತೀರಿ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಅದರಲ್ಲಿ ಏಕಾದಶಿ ಯಾವಾಗ ಎಂದು ನೋಡುತ್ತ ನಿಂತೆ. ನನ್ನ ಎಣಿಕೆ ತಪ್ಪಿರಲು ಸಾಧ್ಯವೇ ಇಲ್ಲ ಎಂಬ ನಂಬಿಕೆ ಒಂದು ಕಡೆ, ತಪ್ಪಿದ್ದರೆ ಹೇಗೆ ಎಂಬ ಪುಕ್ಕಲುತನ ಇನ್ನೊಂದು ಕಡೆ. ಹದಿನೈದು ವರ್ಷದ ಹುಡುಗಿಗೆ ಇದ್ದ ಎದೆ ಐವತ್ತರ ಹತ್ತಿರದ ನನಗೆ ಇರಲಿಲ್ಲ.

ಮೇಸ್ತ್ರಿ ಆ ಗುಂಪಿನ ಒಂದು ಸುರುಳಿಯನ್ನು ಎಳೆದು ತೆಗೆದು ಅವಳ ಕೈಗೆ ಕೊಟ್ಟರು. "ಬಿಚ್ಚಿ ಎಣಸು, ಎಲ್ಲಾರಿಗೂ ಕೇಳುವಂಗ."

ಅವಳು ಬಿಚ್ಚತೊಡಗಿದಳು. "ಲಾಭ. ಎರಡು. ಮೂರು. ನಾಲ್ಕು..."

ಓದುಗರೇ, ನನ್ನ ಕಿವಿ ಬಿಸಿಯಾದದ್ದು ಆಗಲೇ. ಭತ್ತ ಅಳೆಯುವಾಗ, ತೆಂಗಿನಕಾಯಿ ಎಣಿಸುವಾಗ ನಮ್ಮ ಕಡೆ 'ಒಂದು' ಎನ್ನುವುದಿಲ್ಲ, 'ಲಾಭ' ಎಂದು ಶುರು ಮಾಡಿ ನೇರ 'ಎರಡು' ಎನ್ನುತ್ತಾರೆ. ಅದು ನನಗೂ ಗೊತ್ತಿಲ್ಲದ ಮಾತಲ್ಲ. ಆದರೆ ನಾನು ಬೆಳೆದದ್ದು ಸಿದ್ದಾಪುರ ಪೇಟೆಯ ಬಾಡಿಗೆ ಮನೆಯಲ್ಲಿ. ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತಿತ್ತು, ಅಳೆಯುವ ಪ್ರಮೇಯ ಇರಲಿಲ್ಲ. ಲಾಭ ನನಗೆ ಒಂದು ಶುಭದ ಮಾತು ಅಷ್ಟೇ. ಅಜ್ಜಿಯ ಜೊತೆ ಕೂತು ಅಳೆದು ಬೆಳೆದ ನಾಗವೇಣಿಗೆ ಅದು ಸಂಖ್ಯೆ. ಗಣಿತದ ಮೇಷ್ಟರು ಒಂದನ್ನು ಎರಡು ಸಲ ಎಣಿಸಿದ್ದರು.

"...ಇಪ್ಪತ್ತೆರಡು. ಇಪ್ಪತ್ಮೂರು" ಎಂದು ಅವಳು ಮುಗಿಸಿದಳು. ಎರಡನೆಯ ಸುರುಳಿಯೂ ಇಪ್ಪತ್ಮೂರು. ಆರಕ್ಕೆ ಆರೂ ಇಪ್ಪತ್ಮೂರು.

ಮೇಸ್ತ್ರಿ ಮೀಸೆ ಸವರಿದರು. "ಕೈ ತಪ್ಪಾದ್ರ ಒಂದರಾಗ ಹೆಚ್ಚು, ಒಂದರಾಗ ಕಮ್ಮಿ ಆಗತಿತ್ತು. ಆರಕ್ಕಾರೂ ಒಂದಾ ಸುತ್ತು ಹೆಚ್ಚು ಅಂದ್ರ ಇದು ಕೈ ತಪ್ಪಲ್ಲ, ಬಾಯಿ ತಪ್ಪು. ಬಾಯಿ ಯಾರದು?"

ಕ್ಯಾಲೆಂಡರಿನಲ್ಲಿ ನೋಡಲು ಇನ್ನೇನೂ ಉಳಿದಿರಲಿಲ್ಲ.

"ಬಾಯಿ ನನ್ನದು" ಎಂದೆ.

ಮೇಸ್ತ್ರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಗಿರಣಿಯವನೂ ನೋಡಿದ. ನಡೆದದ್ದನ್ನೆಲ್ಲ ಹೇಳಿದೆ. ಮೊದಲು ಮೇಸ್ತ್ರಿಯ ಹೊಟ್ಟೆ ಕುಲುಕಿತು, ಆಮೇಲೆ ದನಿ ಬಂತು, ಕೊನೆಗೆ ಕಣ್ಣೀರು ಬಂತು. "ಗಣಿತದ ಮಾಸ್ತರು!" ಎಂದು ಬೆಂಚು ಬಡಿದು ನಕ್ಕರು. ನಕ್ಕು ಮುಗಿದ ಮೇಲೆ ನಾಗವೇಣಿಯ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ.

"ನಿನ್ನ ಕೈಗೆ ಗೊತ್ತಾಗಿತ್ತಲ್ಲವಾ, ಒಂದು ಹೆಚ್ಚಾತು ಅಂತ?"

"ಹೌದು. ಸರ್ ಎಣಿಸ್ತಾ ಇದ್ರು, ಅದ್ಕೇ..."

"ಹ್ಯಾಂಡಲ್ ಹಿಡಿದವ್ರಿಗೆ ಸರ್ ಇಲ್ಲ, ಮೇಸ್ತ್ರಿ ಇಲ್ಲ. ಕೈ ತಡೀತಂದ್ರ ನಿಲ್ಲಸಬೇಕು, ಕೇಳಬೇಕು. ತಿಳೀತಾ?"

ಅವಳು ತಲೆಯಾಡಿಸಿದಳು. ಗಿರಣಿಯವನು ಒಂದೊಂದು ಸುತ್ತು ಬಿಚ್ಚಿದರೆ ಸಾಲದೇ ಎಂದು ಕೇಳಿದ. ಒಮ್ಮೆ ಬಗ್ಗಿ ಎಳೆದಾಡಿದ ತಂತಿಯ ಮೇಲ್ಪದರ ಸೀಳಿದರೆ ಮತ್ತೆ ಸುಡುತ್ತದೆ, ಹೊಸದೇ ಆಗಬೇಕು ಎಂದರು ಮೇಸ್ತ್ರಿ. ಹಾಗೆಂದು ತಾವೇ ಅಚ್ಚಿನ ಕಡೆ ಹೆಜ್ಜೆ ಹಾಕಿದರು. ತಾಮ್ರ ಕೆಟ್ಟಿತ್ತು. ಮಾತು ಮಾತೇ, ಇನ್ನು ನನ್ನ ಶಾಲೆಗೆ ಈ ಬಾಗಿಲು ಮುಚ್ಚಿತು ಎಂದುಕೊಂಡೆ.

ನಾಗವೇಣಿ ಅವರಿಗಿಂತ ಮೊದಲು ಹೋಗಿ ಹಿಡಿಕೆಯ ಮೇಲೆ ಕೈಯಿಟ್ಟಳು. ಶಾಲೆಯ 'ನಾನು' ಎಲ್ಲಿ ಹೋಯಿತೋ, ಮನೆಯ ಮಾತೇ ಬಂತು. "ಆನೇ ಸುತ್ತತೆ. ಆನೇ ಎಣಿಸ್ತೆ." ಆಮೇಲೆ ಮೆಲ್ಲಗೆ, "ಸರ್, ನಿಂಗ ಹೊರಗೆ ಕೂತ್ಕಳಿ" ಎಂದಳು.

ಮೇಸ್ತ್ರಿ ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಹೊರಗೆ ಕೂತೆ. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ಲಾಭ, ಎರಡು, ಮೂರು. ಆರು ಸಲ. ಗಿರಣಿಯವನು ನನ್ನ ಪಕ್ಕ ಕೂತು, "ನಿಮ್ಮ ವಿದ್ಯಾರ್ಥಿನಾ?" ಎಂದ. "ಈ ಹೊತ್ತು ಮೇಸ್ತ್ರಿಯ ವಿದ್ಯಾರ್ಥಿನಿ" ಎಂದೆ. ಮಧ್ಯಾಹ್ನ ಕಳೆದು ಮತ್ತೆ ಸ್ವಿಚ್ ಒತ್ತಿದಾಗ ಮೂರೂ ತಂತಿಗೆ ಮೀಟರಿನ ಅಂಕಿ ಸಮನಾಗಿತ್ತು. ಮೋಟಾರು ಹಾಡಿತು.

ಅಂದಿನ ದಿನಚರಿಯಲ್ಲಿ 'ಇಂದು ಕಲಿತದ್ದು' ಎಂಬಲ್ಲಿ ನಾಗವೇಣಿ ಒಂದೇ ಸಾಲು ಬರೆದಳು: 'ಲಾಭ ಎಂದರೆ ಒಂದು.' ಮೇಸ್ತ್ರಿ ಓದಿ, ನಕ್ಕು, ಅದರ ಕೆಳಗೆ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದರು. "ಮುಂದಿನ ವರ್ಷ ಇಬ್ಬರನ್ನ ಕಳಸ್ರಿ. ನೀವು ಬರಬ್ಯಾಡ್ರಿ" ಎಂದರು. ಮೇಲಿನ ಕಚೇರಿಯಿಂದ ಆ ಸಾಲಿನ ಪಕ್ಕ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಬಂತು. 'ಮಾರ್ಗದರ್ಶಿ ಶಿಕ್ಷಕರು ಕಲಿತ ಪಾಠ' ಎಂದು ಉತ್ತರ ಬರೆದೆ. ಮತ್ತೆ ಯಾರೂ ಕೇಳಲಿಲ್ಲ. ಆ ದಿನದಿಂದ ಇಂದಿನವರೆಗೆ ನಾನು ಯಾವ ಮಗುವಿಗೂ ಆ ಹಳೆಯ ಗಾದೆಯನ್ನು ಹೇಳಿಲ್ಲ. ಮತ್ತೆ, ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ಯಾವುದಾದರೂ ಮಗುವಿನ ಕೈ ಪುಸ್ತಕದ ಮೇಲೆ ತಡೆದರೆ, ಸೀಮೆಸುಣ್ಣ ಕೆಳಗಿಟ್ಟು 'ಯಾಕೆ ನಿಂತೆ?' ಎಂದು ಕೇಳುತ್ತೇನೆ. ಹತ್ತರಲ್ಲಿ ಮೂರು ಸಲ ತಪ್ಪು ನನ್ನದೇ ಇರುತ್ತದೆ.

ಮೊನ್ನೆ ಭಾನುವಾರವೇ ಆ ಸುಟ್ಟ ಮಿಕ್ಸರನ್ನು ಚೀಲಕ್ಕೆ ಹಾಕಿಕೊಂಡು ಯಲ್ಲಾಪುರ ನಾಕೆಗೆ ಹೋದೆ. ಅದೇ ಅಂಗಡಿ. ಮೇಸ್ತ್ರಿಗೆ ಈಗ ಕಣ್ಣು ಮಂಜು, ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಬಂದವರನ್ನು ದನಿಯಿಂದಲೇ ಗುರುತಿಸುತ್ತಾರೆ. "ಬರ್ರಿ ಮಾಸ್ತರ, ಬಾಯಿ ಹುಷಾರೈತಾ?" ಎಂದರು. ಒಳಗೆ ನಾಗವೇಣಿ ಮೊಣಕೈವರೆಗೆ ತೋಳು ಮಡಚಿ ದೊಡ್ಡದೊಂದು ಪಂಪಿನ ಮುಂದೆ ಕೂತಿದ್ದಳು. ಹೈಸ್ಕೂಲು ಮುಗಿಸಿ ಐಟಿಐ ಮಾಡಿ ಮತ್ತೆ ಇಲ್ಲಿಗೇ ಬಂದವಳು. ಈಗ ಮೂರು ತಾಲೂಕಿನ ಮೋಟಾರುಗಳು ಕಾಯುವುದು ಅವಳಿಗಾಗಿ.

ಅಚ್ಚಿನ ಮುಂದೆ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಇಮ್ತಿಯಾಜ್ ಹಿಡಿಕೆ ಹಿಡಿದು ನಿಂತಿದ್ದ. ಬೆಂಚಿನ ಮೇಲೆ ಅವನ ದಿನಚರಿ ಪುಸ್ತಕ ತೆರೆದಿತ್ತು. 'ಕಲಿಸಿದವರ ಸಹಿ' ಎಂಬ ಗೆರೆಯ ಮೇಲೆ ಸಾಲಾಗಿ ನಾಗವೇಣಿ, ನಾಗವೇಣಿ, ನಾಗವೇಣಿ. ಒಂದು ಕಾಲದಲ್ಲಿ ನನ್ನ ಉತ್ತರ ಪತ್ರಿಕೆಗಳ ಮೂಲೆಯಲ್ಲಿ ಅಂಜುತ್ತ ಕೂರುತ್ತಿದ್ದ ಹೆಸರು. ನನ್ನ ಎದೆ ಉಬ್ಬಿತು. ಬೇರೆ ಮಾತು ಹುಡುಕುವುದಿಲ್ಲ, ಉಬ್ಬಿತು.

"ಸರ್, ಯನ್ನ ಕೈ ಖಾಲಿ ಇಲ್ಲೆ" ಎಂದಳು ಅವಳು, ತಲೆಯೆತ್ತದೆ. "ಅವಂಗೆ ಸ್ವಲ್ಪ ಎಣಿಸಿ ಕೊಡ್ತ್ರಾ?"

ಇಮ್ತಿಯಾಜ್ ಗಾಬರಿಯಿಂದ ಅವಳನ್ನು ನೋಡಿದ. "ಅಕ್ಕಾ, ಸರ್ ಎಣಿಸ್ತಾರಾ?"

ಆ ಕಥೆ ಇಲ್ಲಿಗೆ ಬರುವ ಪ್ರತಿ ಮಗುವಿಗೂ ಮೊದಲ ಪಾಠವಂತೆ.

"ಎಣಿಸ್ತ್ರು. ನಿನ್ನ ಕೈ ತಡೆದ್ರೆ ಮಾತ್ರ ನಿಲ್ಸು, ಕೇಳು" ಎಂದಳು ನಾಗವೇಣಿ.

ನಾನು ಚೀಲ ಕೆಳಗಿಟ್ಟೆ. ಗಂಟಲು ಸರಿ ಮಾಡಿಕೊಂಡೆ. ಹಿಡಿಕೆ ಒಂದು ಸುತ್ತು ತಿರುಗಿತು.

"ಲಾಭ" ಎಂದೆ.