ಅಣ್ಣನ ನಾಲಿಗೆಯೇ ಅಳತೆಗೋಲು

ಅವನಿಗೆ ಬೈರಿಗೆ ಎಂದು ಹೆಸರಿಟ್ಟವರು ಯಾರೋ ಏನೋ, ಇಟ್ಟವರು ಮಾತ್ರ ಸುಮ್ಮನೆ ಇಟ್ಟಿರಲಿಲ್ಲ. ಮರಕ್ಕೆ ತೂತು ಕೊರೆಯುವುದು ಅವನ ಕಸುಬು. ತಲೆಗೊಂದು ವಿಷಯ ಹೊಕ್ಕಿತೋ, ಅದು ಆಚೆ ಕಡೆಯಿಂದ ಹೊರಬರುವ ತನಕ ಕೊರೆಯುತ್ತಲೇ ಇರುವುದು ಅವನ ಸ್ವಭಾವ. ಓಣಿಯ ಜನ ಅವನ ಜೊತೆ ಮಾತಿಗೆ ನಿಲ್ಲಲು ಹೆದರುತ್ತಿದ್ದರು. ಹಾಲು ತರಲು ಹೋದವನು ಹಾಲಿನವನ ಹತ್ತಿರ ಅರ್ಧ ಗಂಟೆ ನಿಂತು, ಡಬ್ಬದ ಮೂತಿ ಎಷ್ಟು ಓರೆಯಿದ್ದರೆ ಹಾಲು ಸೋರುವುದಿಲ್ಲ ಎಂದು ವಿವರಿಸಿ ಬರುತ್ತಿದ್ದ. ಮನೆಯಲ್ಲಿ ಅತ್ತಿಗೆ ಖಾಲಿ ಪಾತ್ರೆ ಒಲೆಯ ಮೇಲಿಟ್ಟು ಕಾಯುತ್ತಿದ್ದಳು.

ಮನೆ ಎಂದರೆ ಎರಡು ಕೋಣೆ. ಹಿಂದಿನದು ಸಂಸಾರಕ್ಕೆ, ಮುಂದಿನದು ಕೆಲಸಕ್ಕೆ. ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿದು ತಿರುಗಿಸುವ ಕಡೆತದ ಯಂತ್ರ, ಗೋಡೆಗೆ ಸಾಲಾಗಿ ಸಿಕ್ಕಿಸಿದ ಉಳಿ, ಅರ, ಬೈರಿಗೆ, ಪಾದ ಮುಚ್ಚುವಷ್ಟು ಮರದ ಹೊಟ್ಟು. ಅಲ್ಲಿ ತಯಾರಾಗುತ್ತಿದ್ದುದು ತಂಬಾಕು ಸೇದುವ ಪೈಪು. ಗಟ್ಟಿ ಮರದ ಬೇರುಗಂಟನ್ನು ಕುದಿಸಿ, ವರ್ಷಗಟ್ಟಲೆ ಒಣಗಿಸಿ, ಬಟ್ಟಲು ಕಡೆದು, ಕೊಳವೆ ಕೊರೆದು ಕೊಡುತ್ತಿದ್ದವನು ಬೈರಿಗೆ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮೇಣ ಹಚ್ಚಿ, ಮುಖ ಕಾಣುವಂತೆ ಹೊಳಪು ಕೊಡುತ್ತಿದ್ದವನು ಅಣ್ಣ.

ಅಣ್ಣ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ಅಪ್ಪ ಅಮ್ಮ ಬೇಗ ಹೋದಮೇಲೆ ಮೂಗು ಒರೆಸಿ, ಅಕ್ಷರ ತಿದ್ದಿಸಿ, ಕೈಗೆ ಉಳಿ ಕೊಟ್ಟು ಮನುಷ್ಯನನ್ನಾಗಿ ಮಾಡಿದವನು. ಚಿಕ್ಕಂದಿನಲ್ಲಿ ಬೈರಿಗೆಗೆ ಎದೆಯ ಕಾಯಿಲೆ ಬಂದು, ಇವತ್ತೋ ನಾಳೆಯೋ ಎನ್ನುವ ಹಾಗಾಗಿತ್ತು. ಗುಣವಾದ ದಿನ ಅಣ್ಣ ಅವನ ತಲೆ ಮೇಲೆ ಕೈಯಿಟ್ಟು ಹೇಳಿದ್ದ. "ಪೈಪು ಎಷ್ಟು ಬೇಕಾದ್ರೂ ಮಾಡು. ಬಾಯಿಗಿಟ್ಟೆಯೋ, ನಾನು ನಿನ್ನಣ್ಣ ಅಲ್ಲ." ಹೀಗಾಗಿ ಆ ಪೈಪು ಮಾಡುವವನು ಮೂವತ್ತೆಂಟು ವರ್ಷವಾದರೂ ಒಂದು ದಮ್ಮು ಎಳೆದವನಲ್ಲ. ತಾನು ಮಾಡಿದ ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅಣ್ಣನ ಬಾಯಿಂದಲೇ ತಿಳಿಯಬೇಕು.

ಅಣ್ಣನಿಗೋ, ಬಾಯಲ್ಲಿ ಪೈಪಿಲ್ಲದೆ ಕೈಯಲ್ಲಿ ಕೆಲಸ ಓಡುತ್ತಿರಲಿಲ್ಲ. ಎಡಗಡೆಯ ದವಡೆ ಹಲ್ಲುಗಳು ಬಿದ್ದುಹೋಗಿದ್ದರಿಂದ ಯಾವಾಗಲೂ ಬಲಗಡೆ ಕಚ್ಚಿಕೊಳ್ಳುತ್ತಿದ್ದ. ಒಂದು ವರ್ಷ ಚಳಿ ಶುರುವಾಗುವ ಹೊತ್ತಿಗೆ ನಾಲಿಗೆಯ ಬಲ ಅಂಚು ಉರಿಯತೊಡಗಿತು. ಬಿಸಿ ನೀರು ಸೋಕಿದರೆ ಮುಖ ಹಿಂಡುತ್ತಿದ್ದ.

"ಬಿಟ್ಟುಬಿಡಿ ಆ ಸುಡುಗಾಡನ್ನ," ಎಂದಳು ಅತ್ತಿಗೆ. "ನಾಲಿಗೇನೇ ಉರಿದುಹೋದಮೇಲೆ ನನ್ನನ್ನ ಬಯ್ಯೋದು ಹೇಗೆ?"

"ಅದಕ್ಕೇನು, ಕೈ ಇದೆಯಲ್ಲ," ಎಂದ ಅಣ್ಣ.

"ಕೈ ಎತ್ತಿ ನೋಡಿ. ಸೌಟು ನನ್ನ ಕೈಲಿರತ್ತೆ."

ಅವರಿಬ್ಬರೂ ನಕ್ಕರು. ಬೈರಿಗೆ ನಗಲಿಲ್ಲ. ಅವನ ತಲೆಯೊಳಗೆ ಆಗಲೇ ಕೊರೆತ ಶುರುವಾಗಿತ್ತು. ಅಣ್ಣ ಬಿಡುವ ಆಸಾಮಿಯಲ್ಲ. ಹಾಗಾದರೆ ಬದಲಾಗಬೇಕಾದದ್ದು ಪೈಪು. ನಾಲಿಗೆ ಸುಡದ, ತಣ್ಣನೆಯ ಹೊಗೆ ಕೊಡುವ ಪೈಪೊಂದನ್ನು ಮಾಡಿಯೇ ತೀರುವುದು.

ಕೇಳುವುದಕ್ಕೆ ಸುಲಭ. ಬಟ್ಟಲಲ್ಲಿ ಕೆಂಡ ಇರುತ್ತದೆ, ಬಾಯಿ ಗೇಣು ದೂರದಲ್ಲಿರುತ್ತದೆ. ಆ ಗೇಣು ದಾರಿಯಲ್ಲಿ ಹೊಗೆಯ ಬಿಸಿ ಇಳಿಸಬೇಕು. ಮೊದಲು ಅವನು ದಾರಿಯನ್ನೇ ಉದ್ದ ಮಾಡಿದ. ಮೊಳದುದ್ದದ ಕೊಳವೆ ನೋಡಿ ಅತ್ತಿಗೆ, "ಇದನ್ನ ಕಚ್ಕೊಂಡು ಬೀದಿಗೆ ಹೋದ್ರೆ ಎದುರು ಬಂದೋರ ಕಣ್ಣು ಹೋಗತ್ತೆ" ಎಂದಳು. ಆಮೇಲೆ ಬಟ್ಟಲಿನ ಗೋಡೆ ದಪ್ಪ ಮಾಡಿದ. ಅದರ ಭಾರಕ್ಕೆ ಅಣ್ಣನ ಉಳಿದ ಹಲ್ಲೂ ಅಲುಗಾಡಿದವು. ಮುಂದೆ ಬೈರಿಗೆಗೆ ಹೊಳೆಯಿತು. ನಾಲಿಗೆ ಸುಡುವುದು ಹೊಗೆಯೊಂದೇ ಅಲ್ಲ, ಅದರೊಳಗಿನ ಹಬೆ. ಹೊಗೆಸೊಪ್ಪಿನ ಪಸೆಯೆಲ್ಲ ಹಬೆಯಾಗಿ ಬಾಯಿಗೆ ಬರುತ್ತದೆ. ಆದ್ದರಿಂದ ಬಟ್ಟಲಿನ ಕೆಳಗೆ ಹೆಸರುಕಾಳು ಹಿಡಿಯುವಷ್ಟು ಗುಳಿ ತೋಡಿ, ಹಬೆ ಅಲ್ಲೇ ನೀರಾಗಿ ನಿಲ್ಲುವಂತೆ ಮಾಡಿದ. ಗುಳಿಯಿಂದ ಕೊಳವೆಗೆ ಹೋಗುವ ತೂತು ಸಣ್ಣದಾದರೆ ಗೊಳಗೊಳ ಸದ್ದು, ದೊಡ್ಡದಾದರೆ ಬೂದಿ ಬಾಯಿಗೆ. ನೂಲಿನಷ್ಟು ವ್ಯತ್ಯಾಸಕ್ಕೆ ವಾರಗಟ್ಟಲೆ ಕೂತ.

ಪರೀಕ್ಷೆಗೆ ಒಂದು ಕಟ್ಟುನಿಟ್ಟಿತ್ತು. ಬೆಳಿಗ್ಗೆ, ಬಾಯಿಗೆ ಏನೂ ಬೀಳುವ ಮೊದಲು, ಒಂದೇ ಬಗೆಯ ಸೊಪ್ಪು, ಎಣಿಸಿ ಇಪ್ಪತ್ತು ದಮ್ಮು. ಅಣ್ಣ ಕಣ್ಣು ಮುಚ್ಚಿ ಎಳೆದು, ಕೊನೆಗೆ ಬಲಗೈ ಬೆರಳು ಎತ್ತುತ್ತಿದ್ದ. ಐದು ಬೆರಳೆಂದರೆ ಕೆಂಡ. ಒಂದೆಂದರೆ ಬೆಚ್ಚಗೆ. ಮೊದಲನೆಯ ಪೈಪಿಗೆ ಐದೂ ಬೆರಳು ಎದ್ದಿದ್ದವು. ಆರನೆಯದಕ್ಕೆ ನಾಲ್ಕು. ಹದಿನೈದನೆಯದಕ್ಕೆ ಮೂರು. ಪ್ರತಿ ಪೈಪಿನ ಬುಡದಲ್ಲೂ ಬೈರಿಗೆ ಅಷ್ಟು ಗೀರು ಕೊರೆದು ಹಲಗೆಯ ಮೇಲೆ ಜೋಡಿಸುತ್ತ ಹೋದ. ಒಂದು ಗೀರು ಕಡಿಮೆಯಾದ ದಿನ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ಎರಡಕ್ಕೆ ಇಳಿಯಿತು. ಆಮೇಲೆ ಒಂದು. ಇಪ್ಪತ್ತೊಂಬತ್ತನೆಯ ಪೈಪು ಎಳೆದು ಅಣ್ಣ ಕಣ್ಣು ಬಿಟ್ಟ. ಮುಷ್ಟಿ ಬಿಚ್ಚಲೇ ಇಲ್ಲ.

"ಏನಣ್ಣ, ಬೆರಳೇ ಇಲ್ಲ?"

"ಇಲ್ಲ ಕಣೋ. ಬೆಳಗಿನ ಗಾಳಿ ಕುಡಿದ ಹಾಗಿದೆ."

ಬೈರಿಗೆ ಅಣ್ಣನ ಕಾಲಿಗೆ ಬೀಳುವುದೊಂದು ಬಾಕಿ. ಈಗ ಅವನ ತಲೆ ಇನ್ನೊಂದು ಕಡೆ ಓಡಿತು. ಇಷ್ಟು ತಣ್ಣಗಿದೆಯೆಂದರೆ ಕೊಳವೆ ಒಂದು ಬೆರಳು ಗಿಡ್ಡ ಮಾಡಿದರೆ ಏನು? ಮಾಡಿದ. ಅಣ್ಣ ಮುಷ್ಟಿ ತೋರಿಸಿದ. ಗೋಡೆ ತೆಳ್ಳಗೆ ಮಾಡಿದ. ಮುಷ್ಟಿ. ಮೂವತ್ತಾರನೆಯ ಪೈಪು ನೋಡಲು ಚೆಲುವಾಗಿ, ಅಂಗೈಯಲ್ಲಿ ಮುಚ್ಚಿಡುವಷ್ಟು ಪುಟ್ಟದಾಗಿ, ತೂಕವೇ ಇಲ್ಲದಂತೆ ಬಂತು. ಅದಕ್ಕೂ ಮುಷ್ಟಿಯೇ. ಇಷ್ಟು ಗಿಡ್ಡ ಪೈಪಿನಲ್ಲಿ ಇಷ್ಟು ತಣ್ಣನೆಯ ಹೊಗೆ ಯಾವ ಊರಲ್ಲೂ ಯಾರೂ ಮಾಡಿರಲಿಕ್ಕಿಲ್ಲ ಎಂದು ಅಣ್ಣ ತಮ್ಮ ಇಬ್ಬರೂ ಬೀಗಿದರು.

ಅದೇ ದಿನಗಳಲ್ಲಿ ಅತ್ತಿಗೆ ಒಮ್ಮೆ ಅಂದಳು. "ನಿಮ್ಮಣ್ಣ ಈಗೀಗ ಸಾಧು ಆಗ್ಬಿಟ್ಟಿದಾರೆ ನೋಡು. ನಿನ್ನೆ ಅಡುಗೆಗೆ ಎರಡು ಸಲ ಉಪ್ಪು ಬಿದ್ದಿತ್ತು. ನನಗೇ ಬಾಯಿಗಿಡೋಕಾಗ್ಲಿಲ್ಲ. ಇವರು ತುಟಿಪಿಟಕ್ ಅನ್ನದೆ ಉಂಡು ಎದ್ರು."

"ನಾಲಿಗೆ ಉರಿ ಹೋಯ್ತಲ್ಲ ಅತ್ತಿಗೆ, ಅದಕ್ಕೆ ಸಿಡುಕೂ ಹೋಗಿದೆ," ಎಂದ ಬೈರಿಗೆ. ಹಾಗೆ ಅಂದದ್ದು ಅವನೇ. ಆ ಮಾತು ಆಮೇಲೆ ಅವನನ್ನು ಬಹಳ ಕಾಲ ಬಿಡಲಿಲ್ಲ.

ಮೂವತ್ತಾರನೆಯದನ್ನು ನೋಡಲು ಸಾಹುಕಾರ ಬಂದ. ಪೇಟೆಯಲ್ಲಿ ಅವನದು ತಂಬಾಕು, ಪೈಪುಗಳ ಅಂಗಡಿ. ಇವರು ಮಾಡಿದ್ದೆಲ್ಲ ಅವನ ಮೂಲಕವೇ ಮಾರಾಟವಾಗುತ್ತಿತ್ತು. ದೊಡ್ಡ ಹೊಟ್ಟೆ, ದೊಡ್ಡ ಗಂಟಲು. ಕುರ್ಚಿಯ ಮೇಲಿನ ಹೊಟ್ಟು ಕೊಡವಿ ಕೂತು, ಪೈಪು ತುಂಬಿ, ಕಡ್ಡಿ ಗೀರಿದ. ನಾಲ್ಕು ದಮ್ಮು ಎಳೆದವನೇ ಕಿಟಕಿಯಿಂದಾಚೆ ಉಗಿದ.

"ಏನಯ್ಯ ಇದು! ತಣ್ಣಗಿದೆ ತಣ್ಣಗಿದೆ ಅಂತ ಒಂದು ವರ್ಷದಿಂದ ಕಿವಿ ಕೊರೆದೆ. ಬಾಯಿಗೆ ಕೊಳ್ಳಿ ಇಟ್ಟ ಹಾಗಿದೆ!"

ಬೈರಿಗೆಯ ಮುಖ ಕೆಂಪಾಯಿತು. "ನೀವು ಕುಲುಮೆ ತಿದಿ ಒತ್ತಿದ ಹಾಗೆ ಎಳೀತೀರಿ ಸಾಹುಕಾರ್ರೇ. ನಿಧಾನಕ್ಕೆ ಎಳೀಬೇಕು. ಅಣ್ಣಾ, ನೀನು ತೋರಿಸು."

ಅಣ್ಣ ಅದೇ ಪೈಪು ತೆಗೆದುಕೊಂಡು ಬಲಗಡೆ ಕಚ್ಚಿಕೊಂಡ. ಮೆಲ್ಲಗೆ ಎಳೆದ. ಬಟ್ಟಲಿನ ಬಾಯಲ್ಲಿ ಕೆಂಡ ಕೆಂಪಗೆ ಬಿರಿಯಿತು. ಅಣ್ಣನ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ.

"ತಣ್ಣಗಿದೆಯಲ್ಲ ಸಾಹುಕಾರ್ರೇ," ಎಂದ.

"ನಿನ್ನದೇನು ನಾಲಿಗೇನೋ, ಚರ್ಮದ ಚಪ್ಪಲಿನೋ?" ಎಂದು ಸಾಹುಕಾರ ಹೊಟ್ಟೆ ಕುಣಿಸಿಕೊಂಡು ನಕ್ಕ.

ಅಣ್ಣನೂ ನಕ್ಕ. ಬೈರಿಗೆ ಅಣ್ಣನ ಬಾಯನ್ನೇ ನೋಡುತ್ತ ನಿಂತ. ಆಮೇಲೆ ಕೈ ಚಾಚಿ ಅಣ್ಣನ ತುಟಿಯಿಂದ ಪೈಪು ಕಿತ್ತುಕೊಂಡು ತನ್ನ ಬಾಯಿಗಿಟ್ಟುಕೊಂಡ.

"ಲೋ! ಏನು ಮಾಡ್ತಿದೀಯ?" ಅಣ್ಣ ಎದ್ದು ನಿಂತ.

ಒಂದು ದಮ್ಮು. ಕೊಳವೆಯ ತುದಿ ಮುಟ್ಟಿದ ಜಾಗದಲ್ಲಿ ನಾಲಿಗೆ ಚುರುಕ್ಕೆಂದಿತು. ಕೆಮ್ಮು ಒತ್ತರಿಸಿ ಬಂತು, ಕಣ್ಣಲ್ಲಿ ನೀರು. ಕೆಮ್ಮುತ್ತಲೇ ಹಲಗೆಯಿಂದ ಐದು ಗೀರಿನ ಮೊದಲನೆಯ ಪೈಪು ತೆಗೆದು, ತುಂಬಿ, ಹೊತ್ತಿಸಿ ಎಳೆದ. ಅದರ ಬಿಸಿ ಇದಕ್ಕಿಂತ ಎಷ್ಟೋ ಕಡಿಮೆ. ಸಾಹುಕಾರ ನಗು ನಿಲ್ಲಿಸಿದ್ದ.

"ಅಣ್ಣಾ, ನಾಲಿಗೆ ಚಾಚು."

"ನಾನೇನು ಮಗುನಾ?"

"ಚಾಚು ಅಂದೆ!"

ಅಣ್ಣನ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು. ಅಣ್ಣ ನಾಲಿಗೆ ಚಾಚಿದ. ಬಲ ಅಂಚಿನಲ್ಲಿ, ಹಿಂದಕ್ಕೆ, ಬಿಳಿ ಅಂಚು ಕಟ್ಟಿದ ಒಂದು ಹುಣ್ಣು. ಬೈರಿಗೆ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಅದರ ಮೊನೆಯಿಂದ ಮೆಲ್ಲಗೆ ಒತ್ತಿದ. "ಗೊತ್ತಾಗತ್ತಾ?" ಅಣ್ಣ ಇಲ್ಲವೆಂದು ತಲೆಯಾಡಿಸಿದ. ಇನ್ನೊಮ್ಮೆ, ಜೋರಾಗಿ. ಮೊನೆಗೆ ರಕ್ತ ಹತ್ತಿತು. "ಈಗ?" ಅಣ್ಣ ಮತ್ತೆ ತಲೆಯಾಡಿಸಿದ.

ಮಾರನೆಯ ದಿನ ಅಣ್ಣ, ಅತ್ತಿಗೆ, ಬೈರಿಗೆ ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಬೆರಳಿನಿಂದ ಗಂಟಲ ಪಕ್ಕ ಒತ್ತಿ ನೋಡಿದರು. ಹುಣ್ಣಿನಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎಂಟು ದಿನ ಬಿಟ್ಟು ಕರೆದು ಹೇಳಿದರು, ಅದು ನಾಲಿಗೆಯ ಕ್ಯಾನ್ಸರು, ಬೇರು ಒಳಕ್ಕೆ ಇಳಿದಿದೆ, ಸ್ಪರ್ಶ ತಿಳಿಸುವ ನರವನ್ನೇ ತಿಂದಿದೆ.

"ಉರಿ ಶುರುವಾಗಿ ಎಷ್ಟು ದಿನ ಆಯ್ತು?"

"ಒಂದು ವರ್ಷದ ಮೇಲೆ," ಎಂದಳು ಅತ್ತಿಗೆ.

"ಆಗಲೇ ಯಾಕೆ ಬರಲಿಲ್ಲ?"

"ಕಡಿಮೆ ಆಗ್ತಾ ಬಂತಲ್ಲ ಡಾಕ್ಟ್ರೇ," ಎಂದ ಅಣ್ಣ. ತಪ್ಪು ಮಾಡಿದವನ ಹಾಗೆ ಅಲ್ಲ, ನಡೆದದ್ದನ್ನು ಹೇಳುವವನ ಹಾಗೆ. "ಪೈಪಿನಿಂದ ಪೈಪಿಗೆ ಕಡಿಮೆ ಆಗ್ತಾ ಬಂತು. ಹುಣ್ಣು ಕಂಡಿತ್ತು. ಹಳೇ ಪೈಪು ಸುಟ್ಟದ್ದು, ಮಾಯ್ತಿದೆ ಅಂದ್ಕೊಂಡೆ."

ಹೊರಗೆ ಬಂದ ಮೇಲೆ ಬೈರಿಗೆ ಮೆಟ್ಟಿಲ ಮೇಲೆ ಕುಸಿದ. "ಒಂದು ಸಲ, ಒಂದೇ ಸಲ ನಾನು ಎಳೆದು ನೋಡಿದ್ರೆ ಸಾಕಿತ್ತು ಅಣ್ಣ. ಗೀರು ಕೊರೀತಾ ಕೂತೆ. ನಿನಗೆ ಒಂದ್ಸಲಾನೂ ಅನುಮಾನ ಬರ್ಲಿಲ್ವಾ?"

ಅಣ್ಣ ಪಕ್ಕದಲ್ಲಿ ಕೂತ. "ನಿನ್ನ ಕೈಗುಣ ಅಂದ್ಕೊಂಡೆ ಕಣೋ," ಎಂದ.

ಅತ್ತಿಗೆ ಅವರಿಬ್ಬರ ಹಿಂದೆ ನಿಂತಿದ್ದಳು. ಯಾವುದಕ್ಕೂ ಮಾತು ಕಡಿಮೆ ಮಾಡುವವಳಲ್ಲ. ಆ ಹೊತ್ತು ಸೆರಗಿನ ತುದಿ ಕಚ್ಚಿಕೊಂಡು ಬೀದಿ ನೋಡುತ್ತಿದ್ದಳು.

ನಾಲಿಗೆಯ ಬಹುಭಾಗ ತೆಗೆದರು. ಆಮೇಲೆ ಅಣ್ಣ ಏಳು ತಿಂಗಳು ಇದ್ದ. ಮೂಗಿಗೆ ನಳಿಕೆ ಹಾಕಿ ಹಾಲು ಬಿಡುತ್ತಿದ್ದರು. ಮಾತು ಬರೀ ಗಾಳಿಯಾಗಿ ಬರುತ್ತಿತ್ತು. ಹೆಂಡತಿಗೆ ಮಾತ್ರ ಅದು ತಿಳಿಯುತ್ತಿತ್ತು. ಕೆಲವು ಸಲ ತಿಳಿಯದಿದ್ದರೂ ತಿಳಿದವಳ ಹಾಗೆ ಜಗಳಕ್ಕೆ ನಿಲ್ಲುತ್ತಿದ್ದಳು. "ಹೂಂ, ಬಯ್ಯಿರಿ, ಇನ್ನೂ ಬಯ್ಯಿರಿ, ಯಾರಿಗೇನು ಕೇಳಿಸತ್ತೆ!" ಎಂದು ಗದರಿ, ಹಿಂದಿನ ಬಾಗಿಲಿಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದಳು. ಕೊನೆಯ ತಿಂಗಳು ನೋವು ಬಂತು, ಅದುವರೆಗೆ ಬಾರದೆ ಉಳಿದದ್ದೆಲ್ಲ ಸೇರಿಸಿಕೊಂಡು. ಒಂದು ಮಧ್ಯಾಹ್ನ ಎಲ್ಲ ಮುಗಿಯಿತು.

ಬೈರಿಗೆ ಒಂದು ವರ್ಷ ಪೈಪು ಮುಟ್ಟಲಿಲ್ಲ. ಕುರ್ಚಿ ಕಾಲು, ಮಂಚದ ಕಾಲಿನ ಗುಂಡು, ಬೀರುವಿನ ಹಿಡಿ ಕಡೆದ. ಆದರೆ ಕೈಗೆ ಬರುವ ಕೆಲಸ ಅದೊಂದೇ. ಎರಡು ಹೊಟ್ಟೆ ತುಂಬಬೇಕು. ಮತ್ತೆ ಬೇರುಗಂಟು ಕುದಿಸಿದ. ಆದರೆ ಒಂದು ಹೊಸ ವರಸೆ ಶುರುವಾಯಿತು. ಪೈಪು ಕೊಳ್ಳಲು, ರಿಪೇರಿಗೆ ಕೊಡಲು ಯಾರು ಬಂದರೂ, "ಮೊದಲು ನಾಲಿಗೆ ಚಾಚಿ" ಎನ್ನುತ್ತಿದ್ದ. ಚಾಚಿದವರ ನಾಲಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಎರಡೂ ಅಂಚು, ಅಡಿ, ಎಲ್ಲ ನೋಡಿ, ಚೊಕ್ಕ ಮರದ ಕಡ್ಡಿಯಿಂದ ಮುಟ್ಟಿ, ಗೊತ್ತಾಗುತ್ತದೆಯೇ ಎಂದು ಕೇಳುತ್ತಿದ್ದ. ಇಬ್ಬರನ್ನು ಆಸ್ಪತ್ರೆಗೆ ಅಟ್ಟಿದ. ಒಬ್ಬನಿಗೆ ಏನೂ ಇರಲಿಲ್ಲ, ಅವನು ಬಂದು ಬಾಯಿಗೆ ಬಂದಂತೆ ಬೈದು ಹೋದ. ಇನ್ನೊಬ್ಬನ ಸುದ್ದಿ ಬರಲಿಲ್ಲ. ಬಹಳ ಮಂದಿ ಹುಚ್ಚನೆಂದು ನಕ್ಕು ಬೇರೆ ಕಡೆ ಹೋದರು. ತಣ್ಣನೆಯ ಪೈಪು ಇದೆಯೇ ಎಂದು ಕೇಳಿದವರಿಗೆ ಅವನದು ಒಂದೇ ಉತ್ತರ. "ಹೊಗೆ ಯಾವತ್ತೂ ತಣ್ಣಗಿರಲ್ಲ ಸ್ವಾಮಿ."

ಅಣ್ಣ ಹೋದ ಐದನೆಯ ವರ್ಷ ಸಾಹುಕಾರ ಮತ್ತೆ ಬಂದ. ಹೊಟ್ಟೆ ಕರಗಿತ್ತು, ಅಂಗಿ ಜೋಲುತ್ತಿತ್ತು. ಹೆಗಲು ತಟ್ಟಿ, ಎರಡು ಡಜನ್ ಪೈಪು ಬೇಕೆಂದ. ಉಗುಳು ನುಂಗುವಾಗ ಕತ್ತು ಒಂದು ಕಡೆ ಓರೆ ಮಾಡುತ್ತಿದ್ದ.

"ನಾಲಿಗೆ ಚಾಚಿ ಸಾಹುಕಾರ್ರೇ."

"ನನ್ನ ಹತ್ರಾನೂ ನಿನ್ನ ಆಟನಾ? ಮಾಲು ಕೊಡಯ್ಯ ಮೊದ್ಲು."

"ಮಾಲು ಸುಮ್ನೇ ತಗೊಂಡು ಹೋಗಿ. ಒಂದೇ ಒಂದು ಸಲ ಚಾಚಿ."

ಸಾಹುಕಾರ ನಗಲು ಹೋದವನು ಅರ್ಧಕ್ಕೆ ನಿಲ್ಲಿಸಿ, ತುಟಿ ಬಿಗಿದು ಎದ್ದ. ಪೈಪುಗಳ ಮಾತೆತ್ತಲಿಲ್ಲ. ಮೆಟ್ಟಿಲಿಳಿದು ಓಣಿಗೆ ಬಿದ್ದ. ಬೈರಿಗೆ ಹೊಟ್ಟು ಮೆತ್ತಿದ ಬರಿಗಾಲಲ್ಲೇ ಹಿಂದೆ ಓಡಿದ. "ಸಾಹುಕಾರ್ರೇ, ನಿಂತ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ತಿರುವಿನ ತನಕ ಕೂಗಿದ. ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಸಾಹುಕಾರ ಹಿಂತಿರುಗಲಿಲ್ಲ. ಅಂಗೈಯನ್ನು ಬಾಯಿಗೆ ಅಡ್ಡ ಒತ್ತಿಕೊಂಡು ಹೆಜ್ಜೆ ಜೋರು ಮಾಡಿದ.