ನೀಲಮ್ಮ ವೈನಿಯ ಡಬ್ಬಿ ಕ್ಯಾಮೆರಾ

ನಮ್ಮ ಮನೆಯಲ್ಲಿ ಒಂದು ಫೋಟೋ ಇದೆ. ನೀವು ನೋಡಿದರೆ ಮೊದಲು ನಗುತ್ತೀರಿ, ಆಮೇಲೆ ಮರ್ಯಾದೆಗೆಂದು ಸುಮ್ಮನಾಗುತ್ತೀರಿ. ಅಂಗೈಯಗಲದ ಆ ಚಿತ್ರದಲ್ಲಿ ಮನೆ ಒಂದು ಕಡೆಗೆ ವಾಲಿದೆ, ದನದ ಕೊಟ್ಟಿಗೆಯ ಕಂಬ ಅರ್ಧಕ್ಕೇ ಮುಗಿದಿದೆ, ಬಾಲವೊಂದು ಒಳಗೆ ಬಂದು ಬೆಕ್ಕು ಹೊರಗೇ ಉಳಿದಿದೆ, ನಡುವೆ ನಿಂತ ಹೆಂಗಸಿನ ಕಾಲಬುಡದಲ್ಲಿ ದೊಡ್ಡದೊಂದು ಕಪ್ಪು ನೆರಳು ಬಿದ್ದಿದೆ. ಮೊನ್ನೆ ಇದನ್ನು ದೊಡ್ಡದು ಮಾಡಿಸೋಣವೆಂದು ಕೊಪ್ಪಳದ ಸ್ಟುಡಿಯೋಕ್ಕೆ ಒಯ್ದಾಗ, ಅಲ್ಲಿಯವನು ಕಳಕಳಿಯಿಂದಲೇ, ಈ ನೆರಳನ್ನು ಕತ್ತರಿಸಿದರೆ ಚಿತ್ರಕ್ಕೊಂದು ಲಕ್ಷಣ ಬರುತ್ತದೆ ಎಂದ. ನಾನು ಫೋಟೋವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಯಾಕೆ ಬಂದೆನೆಂದು ಹೇಳಬೇಕಾದರೆ ನೀಲಮ್ಮ ವೈನಿಯಿಂದಲೇ ಶುರು ಮಾಡಬೇಕು.

ವೈನಿ ನನ್ನ ಅಣ್ಣನ ಹೆಂಡತಿ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕಿಂತ ತುಸು ಮುಂಚಿನ ಮಾತಿದು. ಗಿಣಿಗೇರಾದ ನಮ್ಮ ಒಕ್ಕಲುತನದ ಮನೆ ನಿಜಾಮರ ಸೀಮೆಯಲ್ಲಿ, ಹೊಳೆಯಾಚೆ ಹೊಸಪೇಟೆಯ ಆಕೆಯ ತವರು ಇಂಗ್ಲಿಷರ ಸೀಮೆಯಲ್ಲಿ. ಎರಡನ್ನೂ ಜೋಡಿಸುತ್ತಿದ್ದದ್ದು ರೈಲೊಂದೇ. ಆಕೆಯ ಅಣ್ಣ ಅಲ್ಲಿ ಫೋಟೋದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ವರ್ಷ ಪಂಚಮಿಗೆಂದು ತವರಿಗೆ ಹೋದ ವೈನಿ, ಬರುವಾಗ ಉಂಡಿಯ ಡಬ್ಬಿಯ ಜೊತೆಗೆ ಇನ್ನೊಂದು ಕರಿಯ ಡಬ್ಬಿಯನ್ನೂ ತಂದಳು. ಮುಂದೆ ಒಂದು ಕಣ್ಣು, ನೆತ್ತಿಯ ಮೇಲೆ ಬೆರಳಗಲದ ಗಾಜು, ಪಕ್ಕದಲ್ಲೊಂದು ಒತ್ತುವ ಕಡ್ಡಿ. ಹೊಟ್ಟೆಗೆ ಆನಿಸಿ ಹಿಡಿದು, ಕತ್ತು ಬಗ್ಗಿಸಿ ಆ ಗಾಜಿನಲ್ಲಿ ನೋಡಿದರೆ ಎದುರಿನ ಲೋಕವೆಲ್ಲ ಪುಟ್ಟದಾಗಿ ಅಲ್ಲಿ ಕುಳಿತಿರುತ್ತಿತ್ತು.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿದ್ದದ್ದು ಒಂದೇ ಫೋಟೋ. ಅಣ್ಣನ ಮದುವೆಯ ಕಾಲಕ್ಕೆ, ಕರಿ ಬಟ್ಟೆಯೊಳಗೆ ತಲೆ ಹಾಕುವವನೊಬ್ಬ ಬಂದು, ಉಸಿರು ಬಿಗಿಹಿಡಿಯಿರೆಂದು ಹೆದರಿಸಿ ತೆಗೆದದ್ದು. ಅದರಲ್ಲಿ ನಾವೆಲ್ಲರೂ ಕಚೇರಿಯಲ್ಲಿ ವಿಚಾರಣೆಗೆ ನಿಂತವರ ಹಾಗೆ ಕಾಣುತ್ತೇವೆ. ಅವ್ವನ ಮುಖದಲ್ಲಿ ನಗುವೇ ಇಲ್ಲ. ನಗದ ನಮ್ಮ ಅವ್ವನನ್ನು ನಾನು ಆ ಚೌಕಟ್ಟಿನ ಹೊರಗೆ ಎಲ್ಲಿಯೂ ಕಂಡವಳಲ್ಲ. ರೀಲು ಮುಗಿದಾಗ ಹೊಸಪೇಟೆಗೆ ಹೋಗಿ, ಆಕೆಯ ಅಣ್ಣನ ಅಂಗಡಿಯಲ್ಲಿ ತೊಳೆಸಿಕೊಂಡು ಬರುತ್ತಿದ್ದ ವೈನಿಯ ಚಿತ್ರಗಳು ಬೇರೆಯೇ ಜಾತಿಯವು. ಅಂಗಳದ ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಮುಖ ಸ್ಪಷ್ಟ, ಕೈಗಳು ಮಾತ್ರ ಹೊಗೆಯಾಗಿವೆ. ಮೋತಿ ಎಂಬ ನಮ್ಮ ನಾಯಿ ಒಣಹಾಕಿದ ಸಂಡಿಗೆಯನ್ನು ಕಾಯುತ್ತಾ, ಕಾಯುವ ನೆಪದಲ್ಲಿ ಒಂದನ್ನು ತಿನ್ನುತ್ತಿದೆ. ನಾನು ಜಡೆ ಬಿಚ್ಚಿಕೊಂಡು ಹೇನು ಹುಡುಕಿಸಿಕೊಳ್ಳುತ್ತಿದ್ದೇನೆ. ಆ ಚಿತ್ರ ನೋಡಿ ಆಗ ಅತ್ತುಬಿಟ್ಟಿದ್ದೆ, ಈಗ ಬಿಟ್ಟುಕೊಡಲಾರೆ. ಹೇಳದೆ ತೆಗೆಯುವುದು ಕಳ್ಳತನವಲ್ಲವೇ ಎಂದು ನೀವು ಕೇಳಬಹುದು. ಇರಬಹುದು. ಆದರೆ ನಮ್ಮನ್ನು ನಾವು ಕಾಣದ ಹೊತ್ತಿನಲ್ಲಿ ಒಬ್ಬರು ಅಷ್ಟು ಅಕ್ಕರೆಯಿಂದ ಕಂಡಿದ್ದರಲ್ಲ ಎಂದು ನೆನೆದಾಗ ನನಗೆ ಇಂದಿಗೂ ಕಣ್ಣು ತುಂಬುತ್ತದೆ.

ಆಕೆಗೆ ಇದು ಸಾಧ್ಯವಾದದ್ದು ಹೇಗೆಂದರೆ, ಸೊಸೆಯಾದವಳು ಹಿರಿಯರ ಎದುರು ಸೆರಗು ಮುಂದಕ್ಕೆಳೆದು ತಲೆ ತಗ್ಗಿಸಿಯೇ ನಿಲ್ಲಬೇಕೆಂಬುದು ನಮ್ಮ ಮನೆಯ ಪದ್ಧತಿ. ಮದುವೆಯಾಗಿ ಬಂದಂದಿನಿಂದ ಆಕೆ ಅಪ್ಪನ ಮುಖವನ್ನು ನೆಟ್ಟಗೆ ನೋಡಿರಲಿಲ್ಲ, ಮಾತಂತೂ ದೂರ ಉಳಿಯಿತು; ಅಪ್ಪನ ಪಾದಗಳ ಪರಿಚಯವಷ್ಟೇ ಆಕೆಗಿತ್ತು. ತಲೆ ಬಗ್ಗಿಸಿ ನಿಂತ ಸೊಸೆಯನ್ನು ಯಾರು ಅನುಮಾನಿಸುತ್ತಾರೆ? ಡಬ್ಬಿ ಸೆರಗಿನ ಮರೆಯಲ್ಲಿ, ಕಣ್ಣು ಡಬ್ಬಿಯಲ್ಲಿ. ವಿನಯದ ಮೂರ್ತಿಯಾಗಿ ನಿಂತೇ ಇಡೀ ಮನೆಯನ್ನು ಆಕೆ ನೋಡಿ ಮುಗಿಸುತ್ತಿದ್ದಳು.

ಆದರೆ ಸುದ್ದಿ ಊರಿಗೆ ಹಬ್ಬಿತು. ಹೆಂಗಸರ ಫೋಟೋ ಹೊಸಪೇಟೆಯಲ್ಲಿ ಕಂಡಕಂಡವರ ಕೈಗೆ ಹೋಗುತ್ತದಂತೆ ಎಂದು ಯಾರೋ ಚಾವಡಿಯಲ್ಲಿ ಅಪ್ಪನನ್ನು ಚುಚ್ಚಿದರು. ಅಪ್ಪ ಮನೆಗೆ ಬಂದವನೇ ಅವ್ವನ ಮುಖಾಂತರ ಹುಕುಂ ಹೊರಡಿಸಿದ: ಸೊಸೆಯ ಅಣ್ಣ ಬಂದಾಗ ಆ ಡಬ್ಬಿ ವಾಪಸು ಹೋಗಬೇಕು. ಅಂದು ವೈನಿ ಪಾತ್ರೆಗಳನ್ನು ಎಷ್ಟು ಹೊತ್ತು ತಿಕ್ಕಿದಳೆಂದರೆ ಅವ್ವನೇ ಹೋಗಿ ಸಾಕು ಬಿಡು ಎಂದು ಎಬ್ಬಿಸಿಕೊಂಡು ಬಂದಳು. ಹಿರಿಯರ ಮಾತನ್ನು ಮೀರುವ ಯೋಚನೆ ನಮಗಾರಿಗೂ ಬರಲಿಲ್ಲ. ಆದರೆ ಡಬ್ಬಿಯೊಳಗಿನ ರೀಲಿನಲ್ಲಿ ಇನ್ನೊಂದು ಚಿತ್ರಕ್ಕೆ ಜಾಗ ಉಳಿದಿತ್ತು.

ಅಪ್ಪನಿಗೂ ಬೆಕ್ಕಿಗೂ ಆಗದು ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಪಡಸಾಲೆಯಲ್ಲಿ ಅದು ಕಂಡರೆ ಚಪ್ಪಲಿ ಹಾರುತ್ತಿತ್ತು. ತನ್ನ ಅಣ್ಣ ಡಬ್ಬಿ ಒಯ್ಯಲು ಬರುವ ದಿನ ಬೆಳಿಗ್ಗೆ ವೈನಿ ಹಿತ್ತಲ ಬಾಗಿಲಿಗೆ ಬಂದಾಗ, ಅಪ್ಪ ಕೊಟ್ಟಿಗೆಯ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕುಳಿತು, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರುಗಳನ್ನು ಅದೇ ಬೆಕ್ಕಿಗೆ ತಿನ್ನಿಸುತ್ತಿದ್ದ, ಅದರ ಕಿವಿಯ ಹತ್ತಿರ ಏನೋ ಹೇಳಿಕೊಂಡು ತಾನೇ ನಗುತ್ತಿದ್ದ. ಸೊಸೆ ಬಂದದ್ದು ಅಪ್ಪನಿಗೆ ಕಂಡಿತು. ಎಂದಿನಂತೆ ತಲೆ ತಗ್ಗಿಸಿ ನಿಂತಿದ್ದಾಳೆ, ದಾರಿಗೆ ಕಾಯುತ್ತಿರಬೇಕು ಎಂದುಕೊಂಡ. ಕಡ್ಡಿ ಒತ್ತಿದ ಸಪ್ಪಳ ಬೆಕ್ಕಿಗೂ ಕೇಳಿಸಲಿಲ್ಲ.

ಡಬ್ಬಿ ಹೊಸಪೇಟೆಗೆ ಹೋಯಿತು. ಕೆಲವು ದಿನಗಳಲ್ಲಿ ಚಿತ್ರಗಳು ಬಂದವು, ವೈನಿಯ ಅಣ್ಣ ಪಾಪ, ಒಳಗಿನ ಸಂಗತಿ ತಿಳಿಯದೆ ಅವುಗಳನ್ನು ನೇರವಾಗಿ ಅಪ್ಪನ ಕೈಯಲ್ಲೇ ಇಟ್ಟ. ಬಾಗಿಲ ಹಿಂದೆ ವೈನಿ ನನ್ನ ರಟ್ಟೆ ಹಿಡಿದದ್ದು ಇನ್ನೂ ನೋಯುತ್ತದೆ. ಅಪ್ಪ ಒಂದೊಂದಾಗಿ ನೋಡುತ್ತಾ ಬಂದು ಬೆಕ್ಕಿನ ಚಿತ್ರಕ್ಕೆ ನಿಂತುಬಿಟ್ಟ. ಅದನ್ನು ಕೈಯಲ್ಲಿ ಹಿಡಿದೇ ನನ್ನನ್ನು ಕರೆದು, ಆಕಿ ನನ್ನ ಮಾರಿ ನೋಡಿದಾಕಿ ಅಲ್ಲ, ಇದನ್ನ ಹೆಂಗ ತೆಗೆದಳು ಎಂದು ಕೇಳಿದ. ತಲೆ ಬಗ್ಗಿಸಿದರಷ್ಟೇ ಅದರಲ್ಲಿ ಕಾಣುವುದೆಂದು ನಾನು ವಿವರಿಸಿದೆ. ಅಪ್ಪ ಮತ್ತೊಮ್ಮೆ ಎಲ್ಲ ಚಿತ್ರಗಳನ್ನೂ ಕಟ್ಟೆಯ ಮೇಲೆ ಹರವಿದ. ನಾವು ಸಿಟ್ಟಿಗಾಗಿ ಕಾಯುತ್ತಿದ್ದೆವು.

“ಎಲ್ಲಾರೂ ಅದೀವಿ. ನಾಯಿ ಐತಿ, ಬೆಕ್ಕ ಐತಿ,” ಎಂದ ಅಪ್ಪ. “ಆಕಿ ಎಲ್ಲಿ ಅದಾಳ ಇದರಾಗ?”

ನಮ್ಮಲ್ಲಿ ಯಾರಿಗೂ, ನಿಜ ಹೇಳುತ್ತೇನೆ, ಸ್ವತಃ ವೈನಿಗೂ, ಆ ಪ್ರಶ್ನೆ ಹೊಳೆದಿರಲಿಲ್ಲ. ಅಪ್ಪ ಬೀಗರ ಹುಡುಗನಿಗೆ, ಡಬ್ಬಿ ತಿರುಗಿ ತಗೊಂಡು ಬರ್ರಿ, ಚಾವಡಿಯವರ ಮಾತು ನನಗಿರಲಿ ಎಂದು ಹೇಳಿ ಕಳಿಸಿದ.

ಡಬ್ಬಿ ಬಂದ ಮರುದಿನ ಬಿಸಿಲೇರುವ ಮೊದಲೇ ಅಪ್ಪ ರುಮಾಲು ಸುತ್ತಿ ಅಂಗಳಕ್ಕಿಳಿದ. ಬೆನ್ನಿಗೆ ಬಿಸಿಲಿರಬೇಕು ಎಂಬುದೊಂದನ್ನು ನನ್ನಿಂದ ಕೇಳಿ ತಿಳಿದುಕೊಂಡ, ಉಳಿದದ್ದು ತನಗೆ ಗೊತ್ತು ಎಂಬ ಗತ್ತು. ವೈನಿ ಎದುರು ನಿಂತಳು, ಸೆರಗು ಎಳೆದುಕೊಂಡು, ಎಂದಿನಂತೆ ನೆಲ ನೋಡುತ್ತಾ. ಅಪ್ಪ ಡಬ್ಬಿಯನ್ನು ಹೊಟ್ಟೆಗೆ ಆನಿಸಿ, ಊರಿನಲ್ಲಿ ಯಾರ ಮುಂದೆಯೂ ಬಗ್ಗದ ಆ ಕತ್ತನ್ನು ಬಗ್ಗಿಸಿ, ಗಾಜಿನಲ್ಲಿ ಅತ್ತಿತ್ತ ಹುಡುಕಿ ಕೊನೆಗೆ ಸೊಸೆಯೊಡನೆ ಮೊದಲ ಸಲ ನೇರವಾಗಿ ಮಾತಾಡಿದ.

“ತಲಿ ಎತ್ತವಾ ತಾಯಿ. ಇದರಾಗ ನೋಡಬೇಕಂದ್ರ ನಾ ತಗ್ಗಬೇಕಂತ, ನೀ ಅಲ್ಲ.”

ಮುಂದೆ ಯುದ್ಧ ಬಂತು, ರೀಲು ಸಿಗದಾಯಿತು, ಡಬ್ಬಿ ಗೋಡೆಯ ಮಾಡದಲ್ಲಿ ಕುಳಿತು ಧೂಳು ತಿಂದಿತು. ಅಪ್ಪ ತೆಗೆದ ಫೋಟೋ ಅದೊಂದೇ. ಸ್ಟುಡಿಯೋದವನು ಹೇಳುವುದರಲ್ಲಿ ತಪ್ಪಿಲ್ಲ, ಎಲ್ಲವೂ ವಾಲಿದೆ, ಬೆಕ್ಕು ಹೊರಗಿದೆ. ಆದರೆ ವೈನಿ ಮುಖವೆತ್ತಿ ನೆಟ್ಟಗೆ ನೋಡುತ್ತಿದ್ದಾಳೆ, ತುಟಿಯಲ್ಲಿ ನಗು ಈಗಷ್ಟೇ ಹೊರಡುತ್ತಿದೆ. ಆಕೆಯ ಪಾದದ ಬಳಿ ರುಮಾಲು ಸುತ್ತಿದ ತಲೆಯೊಂದರ ನೆರಳು, ಬಗ್ಗಿಕೊಂಡಿದೆ. ಅದು ನಮ್ಮ ಅಪ್ಪ. ಅದನ್ನು ಕತ್ತರಿಸಿ ಎಂದು ನಾನು ಹೇಗೆ ಹೇಳಲಿ?