ರೇಶಮ್ ಬೀಬಿಯ ಮೊಣಕಾಲು

ರೇಶಮ್ ಬೀಬಿಯ ಮಾತನ್ನು ನಾನು ಧಾರವಾಡದ ಕನ್ನಡದಲ್ಲೇ ಬರೆಯುತ್ತೇನೆ. ಅವರಾಡುವುದು ಪಹಾಡಿ, ಪಾಕಿಸ್ತಾನದ ಕಡೆಯ ಕಾಶ್ಮೀರದ ಮೀರ್‌ಪುರ ಸುತ್ತಿನ ಗುಡ್ಡಗಾಡಿನ ಮಾತು. ಲಂಡನ್ನಿನ ಕಿಂಗ್ಸ್‌ಬರಿಯ ಕನ್ನಡ ಕೂಟದಲ್ಲಿ ನಾನು ಬಾಯಿ ತೆರೆದರೆ "ಚಂದ್ರಿಕಾ ಬಂದ್ಳು, ಇನ್ನು ಬರ್ರಿ ಹೋಗ್ರಿ ಶುರು" ಎಂದು ನಗುವವರಿದ್ದಾರೆ. ಅವರಿಗೆ ಇದು ಹಿಡಿಸದಿದ್ದರೆ ಬಿಡಲಿ.

ಹೌನ್ಸ್ಲೋದಲ್ಲಿ ಅವರ ಮನೆ ನಮ್ಮ ಪಕ್ಕದ್ದೇ. ಮಂಗಲಾ ಅಣೆಕಟ್ಟಿನ ನೀರು ಊರನ್ನು ನುಂಗಿದಾಗ ಅವರಿಗೆ ಹನ್ನೊಂದು ವರ್ಷ. ನೆಲ ಕಳೆದುಕೊಂಡ ಗಂಡಸರು ಬ್ರಿಟನ್ನಿನ ಕಾರ್ಖಾನೆಗಳಿಗೆ ಬಂದರು. ಅವರಲ್ಲೊಬ್ಬರನ್ನು ಮದುವೆಯಾಗಿ ಇವರೂ ಬಂದು, ಮೂವತ್ತು ವರ್ಷ ವಿಮಾನದ ಊಟದ ಟ್ರೇ ತುಂಬಿಸಿದರು. ಗಂಡ ಈಗಿಲ್ಲ. ಪ್ರತಿ ಮಾರ್ಚ್‌ನಲ್ಲಿ ಊರಿಗೆ ಹೋಗುತ್ತಾರೆ. ಆಗ ಜಲಾಶಯ ಇಳಿದು ಹಳೆಯ ಗೋರಿಗಳು ಹೊರಗೆ ಬರುತ್ತವೆ. ತಾಯಿಯ ಗೋರಿಯ ಮುಂದೆ ಮಂಡಿಯೂರಿ, ಕೆಸರನ್ನು ಕೈಯಿಂದಲೇ ಬಳಿದು, ಪ್ರಾರ್ಥನೆ ಮಾಡಿ ಬರುತ್ತಾರೆ. ಕೆಲವೇ ವಾರಗಳಲ್ಲಿ ಮತ್ತೆ ನೀರು ತುಂಬುತ್ತದೆ.

ಈ ಸಲ ಮೊಣಕಾಲು ಕೈಕೊಟ್ಟಿತು. ಕೀಲು ಬದಲಿಸುವ ಆಪರೇಷನ್ ಫೆಬ್ರವರಿ ಇಪ್ಪತ್ತಕ್ಕೆ ಎಂದು ಆಸ್ಪತ್ರೆಯ ಪತ್ರ ಬಂತು. ಮಾರ್ಚ್ ಟಿಕೆಟ್ ಆಗಲೇ ಅವರ ಕೈಯಲ್ಲಿತ್ತು. ಆಪರೇಷನ್ ಆದರೆ ವಾರಗಟ್ಟಲೆ ವಿಮಾನ ಹತ್ತುವಂತಿಲ್ಲ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ಚಹಾ ಕೆಳಗಿಟ್ಟರು.

"ಯಾರೂ ಹೇಳಲಿಲ್ಲಲ್ಲ ಮಗಳ?"

"ಹೇಳಿರ್ತಾರ್ರೀ ಆಪಾ. ನೀವು ಹೂಂ ಅಂದೀರಿ."

ಅದು ನಿಜ. ಅವರ ಕಡೆಯ ಬಹಳ ಮಂದಿ ಮಾಡುವ ತಪ್ಪನ್ನು ಇವರೂ ಮಾಡಿದ್ದರು. ಮನೆಯಲ್ಲಿ ಆಡುವುದು ಪಹಾಡಿ, ಆಸ್ಪತ್ರೆಯ ಫಾರ್ಮಿನಲ್ಲಿ ಬರೆಸುವುದು ಉರ್ದು. ಹಾಗಾಗಿ ಆಸ್ಪತ್ರೆ ಫೋನಿನಲ್ಲಿ ಉರ್ದು ದುಭಾಷಿಯನ್ನು ಕೊಟ್ಟಿತ್ತು.

"ಆತನ ಉರ್ದು ರೇಡಿಯೋದಾಗ ಸುದ್ದಿ ಓದಿದಂಗಿತ್ತು. ತಿಳೀಲಿಲ್ಲ ಅಂದ್ರ ಹಳ್ಳಿ ಗಮಾರಿ ಅಂತಾನಂತ ಎಲ್ಲಾದಕ್ಕೂ ಹೂಂ ಅಂದೆ."

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಆ ನಗುವಿಗೆ ಅಂಜಿ ಕೂಟದಲ್ಲಿ ನಾನೂ ಒಮ್ಮೊಮ್ಮೆ ಬೆಂಗಳೂರಿನವಳ ಹಾಗೆ ನಾಲಿಗೆ ತಿರುಗಿಸುತ್ತೇನಲ್ಲ, ಅದು ನೆನಪಾಗಿ.

ಒಪ್ಪಿಗೆಗೆ ಸಹಿ ಹಾಕುವ ದಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ, ಮಗ ವಕಾಸ್ ರಜೆ ಹಾಕಿ ಬಂದಿದ್ದ. ಕ್ಯಾನರಿ ವಾರ್ಫ್‌ನ ಬ್ಯಾಂಕಿನಲ್ಲಿ ದೊಡ್ಡ ಕೆಲಸ ಅವನದು. ಈ ಸಲ ಪಹಾಡಿ ದುಭಾಷಿಯೇ ಬೇಕೆಂದು ರೇಶಮ್ ಬೀಬಿ ಪಟ್ಟು ಹಿಡಿದರು. "ಅಮ್ಮೀ, ಪಹಾಡಿ ಅಂದ್ರೆ ನಗ್ತಾರೆ. ಅದೂ ಒಂದು ಭಾಷೆನಾ?" ಎಂದ.

"ನಿಮ್ಮಪ್ಪ ನನ್ನ ಬೈದದ್ದು ಅದರಾಗ, ನಾ ತಿರುಗಿ ಬೈದದ್ದೂ ಅದರಾಗ. ಭಾಷಾ ಅಲ್ಲಂದ್ರ ಅಷ್ಟು ಜಗಳ ಹೆಂಗಾದ್ವು?"

ರಿಸೆಪ್ಷನ್ನಿನ ಹೆಂಗಸು ಕಂಪ್ಯೂಟರ್ ನೋಡಿ, ದುಭಾಷಿಗಳ ಪಟ್ಟಿಯಲ್ಲಿ ಆ ಭಾಷೆಯ ಹೆಸರಿಲ್ಲ ಎಂದಳು.

"ಇಲ್ಲಂದ್ರ ಸೇರಸ್ರಿ. ನಾ ಇಲ್ಲೇ ಕುಂತಿರ್ತೀನಿ," ಎಂದು ರೇಶಮ್ ಬೀಬಿ ಕುರ್ಚಿ ಹಿಡಿದರು. ವಕಾಸ್ ತಲೆ ತಗ್ಗಿಸಿ ಫೋನ್ ನೋಡುತ್ತ ಕುಳಿತ. ಎರಡು ಗಂಟೆ ಹೋಯಿತು. ಕೊನೆಗೆ ಔಷಧಿ ವಿಭಾಗದಿಂದ ಒಬ್ಬ ಹುಡುಗಿಯನ್ನು ಕರೆತಂದರು. ಅವಳ ಮನೆಮಾತೂ ಪಹಾಡಿ. ಅವಳು ಮೊದಲ ಮಾತಾಡಿದ್ದೇ ತಡ, ರೇಶಮ್ ಬೀಬಿ ಬೆನ್ನು ನೆಟ್ಟಗೆ ಮಾಡಿದರು.

ಸರ್ಜನ್ ಕೋಣೆಯಲ್ಲಿ ಅವಳ ಮೂಲಕ ಒಂದಾದ ಮೇಲೊಂದು ಪ್ರಶ್ನೆ. ಎಲ್ಲಿ ಕೊಯ್ಯುತ್ತೀರಿ, ಏನು ಕೂಡಿಸುತ್ತೀರಿ? ಸರ್ಜನ್ ಗಡಿಯಾರ ನೋಡಿದರೂ ಬಿಡಲಿಲ್ಲ. ಮಾರ್ಚ್‌ನಲ್ಲಿ ವಿಮಾನ ಹತ್ತಬಹುದೇ? ಬೇಡ. ಹೊಸ ಕೀಲಿನ ಮೇಲೆ ಮಂಡಿಯೂರಬಹುದೇ? ಕಷ್ಟ, ಬಹಳ ಜನರಿಗೆ ಆಗುವುದಿಲ್ಲ. ಮುಂದೂಡಿದರೆ? ಮತ್ತೆ ಸಾಲಿನ ಕೊನೆಗೆ, ಬಹುಶಃ ಒಂದು ವರ್ಷ, ನೋವು ಹೆಚ್ಚುತ್ತದೆ.

"ಎಲ್ಲ ಅರ್ಥವಾಯಿತೇ?" ಎಂದು ಕೇಳಿ ಸರ್ಜನ್ ಪೆನ್ನು ಮುಂದೆ ಮಾಡಿದರು.

ರೇಶಮ್ ಬೀಬಿ ಪೆನ್ನು ಮುಟ್ಟಲಿಲ್ಲ.

"ಈಗ ತಿಳೀತು. ಅದಕ್ಕ ಒಲ್ಲೆ ಅಂತೀನಿ. ಮಾರ್ಚ್‌ದಾಗ ನನಗ ಮಡಚೂ ಮೊಣಕಾಲು ಬೇಕು, ನೋವಾದ್ರ ಆಗವಲ್ದ್ಯಾಕ. ನಮ್ಮವ್ವ ವರ್ಷಪೂರ್ತಿ ನೀರಾಗ ಕಾಯ್ತಾಳ. ನಾ ನಿಮ್ಮ ಸಾಲಿನ್ಯಾಗ ಕಾಯ್ತೀನಿ."